ಭೂಮಿಯ ಹಳೇ ಬಿರುಕು ಎಚ್ಚರಾಗುವುದು ಹೇಗೆ?

2021ರ ಅಕ್ಟೋಬರ್ ತಿಂಗಳು. ಸಜ್ಜೆ ರಾಶಿ ಮುಗಿದು ಹತ್ತಿ ಬಿಡಿಸುವ ಕೆಲಸ ಶುರುವಾಗಿತ್ತು. ಒಂದು ರಾತ್ರಿ ಹತ್ತು ಗಂಟೆ ಸುಮಾರಿಗೆ ಮಗಳ ಫೋನು ಬಂತು. ಆಕೆಯನ್ನು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಹಳ್ಳಿಗೆ ಕೊಟ್ಟಿದ್ದೇವೆ.

"ಅಪ್ಪಾ, ನೆಲ ಗುಡುಗಲಿಕತ್ತದ. ಅಡಕಲು ಗಡಿಗಿ ಎಲ್ಲ ಅಳ್ಳಾಡಿದ್ವು. ನಾವೆಲ್ಲ ಹೊರಗ ಬಂದು ಕುಂತೀವಿ" ಅಂದಳು. ಕೈಗೂಸನ್ನು ಮಡಿಲಲ್ಲಿ ಇಟ್ಟುಕೊಂಡು ಆಕೆ ಆ ರಾತ್ರಿ ಬಯಲಲ್ಲೇ ಕಳೆದಳು. ಆ ತಾಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಊರುಗಳಲ್ಲಿ ಆ ತಿಂಗಳು ಹಲವು ಸಲ ಭೂಮಿ ಕಂಪಿಸಿತು. ಅಕ್ಟೋಬರ್ 11ರ ರಾತ್ರಿಯದು ರಿಕ್ಟರ್ ಮಾಪನದಲ್ಲಿ 4 ದಾಟಿತ್ತು. ಎಷ್ಟೋ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟು ಹೋದರು.

ಮರುದಿನ ನಮ್ಮ ಮಸರಕಲ್‌ನ ಕಟ್ಟೆ ಮೇಲೆ ಇದೇ ಮಾತು. ಒಬ್ಬ ಹಿರಿಯರು ನನ್ನನ್ನೇ ನೋಡಿ ಅಂದರು: "ನೀವು ಹೊಲಕ್ಕ ಎರಡೆರಡು ಬೋರು ಹಾಕಿಸ್ತೀರಿ. ಭೂಮಿತಾಯಿ ಹೊಟ್ಟಿ ತೂತು ಮಾಡಿದ್ರ ಆಕಿ ನಡುಗಲಾರದ ಇರ್ತಾಳೇನು?" ಇನ್ನೊಬ್ಬ ಹುಡುಗ, "ಏ ಕಾಕಾ, ನೂರಾರು ಅಡಿ ಬೋರಿಗೂ ಭೂಕಂಪಕ್ಕೂ ಎತ್ತಣ ಸಂಬಂಧ, ಸುಮ್ನ ಇರು" ಅಂತ ನಕ್ಕುಬಿಟ್ಟ.

ಇಬ್ಬರಲ್ಲಿ ಯಾರ ಮಾತು ಖರೆ? ನನಗೂ ಗೊತ್ತಿರಲಿಲ್ಲ. ನಾನು ಓದಿದ್ದು ಏಳನೇ ಇಯತ್ತೆ. ಆದರೆ ಮಗಳು ಬಯಲಲ್ಲಿ ಕೂತ ಮೇಲೆ ತಿಳಿದುಕೊಳ್ಳದೆ ಬಿಡಲಾಗಲಿಲ್ಲ. ಅಂದಿನಿಂದ ಕೇಳಿದ್ದು, ಓದಿದ್ದು, ತಿಳಿದವರಿಂದ ಬಿಡಿಸಿಕೊಂಡಿದ್ದು ಇಲ್ಲಿ ಬರೆದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಹಿರಿಯರ ಮಾತೂ ಪೂರಾ ಸರಿಯಲ್ಲ, ಹುಡುಗನ ಮಾತೂ ಪೂರಾ ಸರಿಯಲ್ಲ.

ಬಿರುಕು ಮೊದಲೇ ಇದೆ

ನಮ್ಮ ಎರಿ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದಲ್ಲ, ಆ ಬಿರುಕಿನ ಮಾತಲ್ಲ ಇದು. ಅದು ಮಣ್ಣು ಒಣಗಿ ಆಗುವುದು, ಮೊದಲ ಮಳೆಗೆ ಮುಚ್ಚಿಕೊಳ್ಳುತ್ತದೆ. ನಾನು ಹೇಳುವುದು ಮಣ್ಣಿನ ಕೆಳಗಿನ ಕಲ್ಲಿನ ಬಿರುಕು.

ಬೋರು ಹಾಕಿಸಿದವರಿಗೆಲ್ಲ ಗೊತ್ತು. ಮೊದಲು ಮಣ್ಣು ಬರುತ್ತದೆ, ಆಮೇಲೆ ಗರಸು, ಆಮೇಲೆ ಗಟ್ಟಿ ಕಲ್ಲು. ಕಲ್ಲು ಒಂದೇ ಸಮ ಹೋದರೆ ಬರೇ ಬಿಳಿ ಧೂಳು. ಬೋರಿನವನು "ಗ್ಯಾಪ್ ಸಿಕ್ತು" ಅಂದರೆ ಮಾತ್ರ ನೀರಿನ ಆಸೆ. ಆ ಗ್ಯಾಪ್ ಅಂದರೆ ಕಲ್ಲಿನೊಳಗಿನ ಬಿರುಕು. ಕಲ್ಲು ಒಡೆಯುವವರೂ ಇದನ್ನೇ ಹೇಳುತ್ತಾರೆ. ಬಂಡೆಗೆ ಎಲ್ಲೆಂದರಲ್ಲಿ ಉಳಿ ಹೊಡೆಯುವುದಿಲ್ಲ. ಮೊದಲು ಅದರ ಎಳೆ ಹುಡುಕುತ್ತಾರೆ. ಎಳೆ ಸಿಕ್ಕರೆ ಸಣ್ಣ ಬೆಣೆಗೆ ದೊಡ್ಡ ಬಂಡೆ ಎರಡಾಗುತ್ತದೆ.

ರಾಯಚೂರು ಸೀಮೆಯ ಕಲ್ಲು ಸುಮಾರು 250 ಕೋಟಿ ವರ್ಷಕ್ಕೂ ಹಳೆಯದು. ಇಷ್ಟು ಕಾಲದಲ್ಲಿ ಅದು ಹಿಂಡಿಸಿಕೊಂಡಿದೆ, ಕಾದಿದೆ, ಸೀಳಿದೆ. ಕೆಲವು ಕಡೆ ಬರೇ ಸೀಳಿಲ್ಲ, ಸೀಳಿನ ಒಂದು ಬದಿ ಇನ್ನೊಂದು ಬದಿಯ ಮೇಲೆ ಜಾರಿದೆ. ಇಂಥ ಜಾರಿದ ಬಿರುಕಿಗೆ ಪುಸ್ತಕದಲ್ಲಿ ಸ್ತರಭಂಗ ಅನ್ನುತ್ತಾರೆ. ನಾನು ಜಾರು ಬಿರುಕು ಅಂತಲೇ ಬರೆಯುತ್ತೇನೆ. ಇದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ಸಿಗುವುದು ಇಂಥ ಹಳೇ ಜಾರು ಪಟ್ಟಿಗಳಲ್ಲೇ. ಕೋಟ್ಯಂತರ ವರ್ಷದ ಹಿಂದೆ ಆ ಸಂದಿನಲ್ಲಿ ಬಿಸಿ ನೀರು ಹರಿದು ಚಿನ್ನವನ್ನು ಅಲ್ಲಿ ಬಿಟ್ಟು ಹೋಯಿತು. ಅಂದರೆ ಭೂಮಿಯ ಹಳೇ ಗಾಯದಲ್ಲೇ ಚಿನ್ನ ಕೂತಿದೆ.

ಇಷ್ಟು ಹಳೇ ಬಿರುಕು ಈಗ ಯಾಕೆ ಅಲ್ಲಾಡಬೇಕು? ಕಾರಣ ಉತ್ತರದಲ್ಲಿದೆ. ನಮ್ಮ ಇಡೀ ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಾ ಹಿಮಾಲಯದ ಬುಡವನ್ನು ಒತ್ತುತ್ತಿದೆ. ಗೋಡೆಗೆ ಬಂಡಿ ಒತ್ತಿ ನಿಂತರೆ ಒತ್ತಡ ಮೂಕಿಯ ತುದಿಯಲ್ಲಿ ಮಾತ್ರ ಇರುವುದಿಲ್ಲ, ಇಡೀ ಬಂಡಿಗೆ ಇರುತ್ತದೆ. ಹಂಗೇ ನಮ್ಮ ದಖ್ಖನ್ ಸೀಮೆಯ ಕಲ್ಲೂ ಒಳಗೊಳಗೇ ಬಿಗಿದುಕೊಂಡಿದೆ.

ಏರಿನಲ್ಲಿ ನಿಂತ ಬಂಡಿ

ಈಗ ಮುಖ್ಯ ಮಾತಿಗೆ ಬರೋಣ. ಏರು ದಾರಿಯಲ್ಲಿ ಚೀಲ ತುಂಬಿದ ಬಂಡಿ ನಿಲ್ಲಿಸುತ್ತೇವೆ. ಎತ್ತು ಬಿಚ್ಚುವ ಮೊದಲು ಗಾಲಿಗೆ ಒಂದು ಅಡ್ಡಗಲ್ಲು ಕೊಡುತ್ತೇವೆ. ಬಂಡಿ ಎಷ್ಟು ದಿನ ಬೇಕಾದರೂ ನಿಂತಿರುತ್ತದೆ. ಒಬ್ಬ ಸಣ್ಣ ಹುಡುಗ ಬಂದು ಆಟಕ್ಕೆ ಕಲ್ಲು ತೆಗೆದ ಅಂತಿಟ್ಟುಕೊಳ್ಳಿ. ಬಂಡಿ ಉರುಳಿ ಕೆಳಗಿನ ಗುಡಿಸಲಿಗೆ ನುಗ್ಗುತ್ತದೆ. ಹುಡುಗ ಬಂಡಿಯನ್ನು ನೂಕಿದನೇ? ಇಲ್ಲ. ಅವನಿಗೆ ಅಷ್ಟು ಬಲವೂ ಇಲ್ಲ. ಭಾರ ಮೊದಲೇ ಇತ್ತು, ಇಳಿಜಾರು ಮೊದಲೇ ಇತ್ತು. ಅವನು ತೆಗೆದಿದ್ದು ಬರೇ ಅಡ್ಡಗಲ್ಲು.

ಮನುಷ್ಯರ ಕೆಲಸದಿಂದ ಭೂಮಿ ನಡುಗುವುದು ಹೀಗೇ. ನಾವು ಎಷ್ಟು ದೊಡ್ಡ ಡ್ಯಾಂ ಕಟ್ಟಿದರೂ, ಎಷ್ಟು ಆಳದ ಗಣಿ ತೋಡಿದರೂ ಭೂಮಿಯನ್ನು ಅಲ್ಲಾಡಿಸುವ ಬಲ ನಮಗಿಲ್ಲ. ಆದರೆ ಜಾರಲು ಸಿದ್ಧವಾಗಿ ನಿಂತ ಬಿರುಕಿನ ಅಡ್ಡಗಲ್ಲು ತೆಗೆಯುವ ಶಕ್ತಿ ನಮಗಿದೆ.

ಬಿರುಕಿಗೆ ಅಡ್ಡಗಲ್ಲು ಯಾವುದು? ಎರಡು ಬದಿಯ ಕಲ್ಲು ಒಂದನ್ನೊಂದು ಒತ್ತಿ ಹಿಡಿದಿರುವುದೇ ಅಡ್ಡಗಲ್ಲು. ಬೀಸುವ ಕಲ್ಲಿನ ಮೇಲೆ ಕೈ ಊರಿ ಒತ್ತಿದರೆ ತಿರುಗುವುದಿಲ್ಲ, ಕೈ ಹಗುರ ಮಾಡಿದರೆ ತಿರುಗುತ್ತದೆ. ಬಿರುಕಿನ ಆ ಒತ್ತುವಿಕೆ ಕಡಿಮೆಯಾಗುವುದು ಮುಖ್ಯವಾಗಿ ಮೂರು ರೀತಿಯಲ್ಲಿ.

ಒಂದು, ಬಿರುಕಿನೊಳಗೆ ನೀರು ಒತ್ತಡದಿಂದ ನುಗ್ಗಿದರೆ. ನೀರು ಎರಡು ಬದಿಯನ್ನೂ ಹೊರಗೆ ನೂಕುತ್ತದೆ, ಹಿಡಿತ ಸಡಿಲವಾಗುತ್ತದೆ.

ಎರಡು, ಮೇಲಿನ ಭಾರ ಬದಲಾದರೆ. ಹೊಸ ಭಾರ ಹೇರಿದರೂ ಆಗಬಹುದು, ಇದ್ದ ಭಾರ ತೆಗೆದರೂ ಆಗಬಹುದು. ಬಿರುಕು ಯಾವ ಕಡೆ ವಾಲಿದೆ ಅನ್ನುವುದರ ಮೇಲೆ ಅದು ನಿಂತಿದೆ.

ಮೂರು, ಒಳಗಿನ ಕಲ್ಲನ್ನೋ, ಗ್ಯಾಸನ್ನೋ ತೆಗೆದು ಟೊಳ್ಳು ಮಾಡಿದರೆ. ಆಗ ಪಕ್ಕದ ಕಲ್ಲಿಗೆ ಒತ್ತು ಹೆಚ್ಚುತ್ತದೆ, ಇಲ್ಲವೇ ಮೇಲಿನ ಪದರು ಕುಸಿಯುತ್ತದೆ.

ಕೃಷ್ಣೆಯ ಮೇಲುಗಡೆ: ಕೊಯ್ನಾ

ನಮ್ಮ ದೇವದುರ್ಗ ತಾಲೂಕಿನ ಉತ್ತರದ ಗಡಿಯಲ್ಲಿ ಹರಿಯುವ ಕೃಷ್ಣೆಗೆ ಮಹಾರಾಷ್ಟ್ರದ ಕರಾಡದಲ್ಲಿ ಕೊಯ್ನಾ ನದಿ ಸೇರುತ್ತದೆ. ಕೊಯ್ನಾ ಡ್ಯಾಂ ನೀರು ಬಿಟ್ಟರು ಅಂದರೆ ನಮ್ಮ ನದಿ ದಂಡೆಯ ಊರವರು ಎಚ್ಚರಾಗುತ್ತಾರೆ. ಜಗತ್ತಿನಲ್ಲಿ ಡ್ಯಾಂನಿಂದ ಆದ ಭೂಕಂಪಗಳಲ್ಲಿ ಅತಿ ದೊಡ್ಡದು ಆಗಿದ್ದು ಅಲ್ಲೇ.

ಆ ಡ್ಯಾಂ 103 ಮೀಟರ್ ಎತ್ತರ. 1960ರ ದಶಕದ ಮೊದಲಲ್ಲಿ ನೀರು ನಿಲ್ಲಿಸಿದರು. ಸ್ವಲ್ಪ ದಿನಕ್ಕೇ ಸುತ್ತಲಿನ ಊರುಗಳಲ್ಲಿ ಸಣ್ಣ ಸದ್ದು, ಸಣ್ಣ ನಡುಕ ಶುರುವಾಯಿತು. 1967ರ ಡಿಸೆಂಬರ್ 11ರಂದು ನಸುಕಿನಲ್ಲಿ ದೊಡ್ಡ ಭೂಕಂಪವೇ ಆಯಿತು. ಅದರ ಪ್ರಮಾಣ 6.3. ಕೊಯ್ನಾನಗರದ ಮನೆಗಳು ಬಿದ್ದು ಸುಮಾರು 200 ಜನ ಸತ್ತರು. ಡ್ಯಾಂನ ಗೋಡೆಯಲ್ಲೂ ಬಿರುಕು ಬಂತು. ಅದನ್ನು ಆಮೇಲೆ ಗಟ್ಟಿ ಮಾಡಿದರು.

ಇಲ್ಲಿ ಒಂದು ಲೆಕ್ಕ ನೋಡಿ. ನೀರು 10 ಮೀಟರ್ ನಿಂತರೆ ತಳದ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. 100 ಮೀಟರಿಗೆ 10 ಕಿಲೋ. ಐದು ಕಿಲೋಮೀಟರ್ ಆಳದಲ್ಲಿ ಮೇಲಿನ ಕಲ್ಲಿನ ಭಾರವೇ ಚದರ ಸೆಂಟಿಮೀಟರಿಗೆ 1,300 ಕಿಲೋ ದಾಟುತ್ತದೆ. 1,300ರ ಮುಂದೆ 10 ಎಷ್ಟರದು? ಏನೂ ಅಲ್ಲ. ಆದರೂ ಭೂಮಿ ನಡುಗಿತು. ಯಾಕಂದರೆ ಅಲ್ಲಿನ ಹಳೇ ಬಿರುಕು ಮೊದಲೇ ಜಾರುವ ಅಂಚಿಗೆ ಬಂದು ನಿಂತಿತ್ತು. ನೀರು ನಿಧಾನವಾಗಿ ಬಿರುಕಿನಲ್ಲಿ ಇಳಿಯಿತು. ಅದಕ್ಕೆ ವರ್ಷಗಳು ಹಿಡಿದವು.

ಕೊಯ್ನಾದಲ್ಲಿ ಇವತ್ತಿಗೂ ಕಂಪನ ನಿಂತಿಲ್ಲ. ಸುಮಾರು 30 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಜಾಗದಲ್ಲೇ ಬಹಳಷ್ಟು ಆಗುತ್ತವೆ. ಮಳೆಗಾಲದಲ್ಲಿ ಡ್ಯಾಂ ತುಂಬಿದ ಮೇಲೆ ಹೆಚ್ಚು. 1985ರಲ್ಲಿ ಹತ್ತಿರದ ವಾರಣಾ ಡ್ಯಾಂನಲ್ಲೂ ನೀರು ನಿಲ್ಲಿಸಿದ ನಂತರ ಕಂಪನಗಳು ದಕ್ಷಿಣಕ್ಕೆ ಆ ಕಡೆಗೂ ಹಬ್ಬಿದವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತಾ ಮತ್ತು ಅವರ ಜೊತೆಯವರು ದಶಕಗಟ್ಟಲೆ ಇದನ್ನು ಅಳೆದರು. ನೀರು ಎಷ್ಟು ಎತ್ತರ ನಿಂತಿತು ಅನ್ನುವುದೊಂದೇ ಅಲ್ಲ, ಎಷ್ಟು ಬೇಗ ಏರಿತು, ಎಷ್ಟು ದಿನ ನಿಂತಿತು ಅನ್ನುವುದೂ ಮುಖ್ಯ ಅಂತ ತೋರಿಸಿದರು. 2017ರ ಹೊತ್ತಿಗೆ ಕೊಯ್ನಾ ಸೀಮೆಯಲ್ಲಿ 3 ಕಿಲೋಮೀಟರ್ ಆಳದ ಬೋರನ್ನೇ ಕೊರೆದರು. ಮೇಲೆ ಸುಮಾರು 1,250 ಮೀಟರ್ ಕರಿಕಲ್ಲು, ಅದರ ಕೆಳಗೆ ನಮ್ಮ ಕಡೆಯಂಥದೇ ಹಳೇ ಗಟ್ಟಿ ಕಲ್ಲು ಸಿಕ್ಕಿತು.

ಹಾಗಂತ ಎಲ್ಲ ಡ್ಯಾಂ ಹೀಗಲ್ಲ. ಜಗತ್ತಿನಲ್ಲಿ ಸಾವಿರಾರು ಡ್ಯಾಂಗಳಿವೆ. ಬಹುಪಾಲು ಕಡೆ ಏನೂ ಆಗಿಲ್ಲ. ಡ್ಯಾಂ ತುಂಬಿದ ಮೇಲೆ 6 ದಾಟಿದ ಕಂಪನ ಆಗಿದ್ದಕ್ಕೆ ಎಲ್ಲರೂ ಹೇಳುವ ಹೆಸರು ನಾಲ್ಕೇ: ಚೀನಾದ ಶಿನ್‌ಫೆಂಗ್‌ಜಿಯಾಂಗ್, ಆಫ್ರಿಕಾದ ಕರಿಬಾ, ಗ್ರೀಸಿನ ಕ್ರೆಮಾಸ್ತಾ, ನಮ್ಮ ಕೊಯ್ನಾ. ನಾಲ್ಕೂ 1962ರಿಂದ 1967ರ ಒಳಗೆ ಆದವು.

ತೋಡಿದರೂ ನಡುಗುತ್ತದೆ, ತುಂಬಿದರೂ ನಡುಗುತ್ತದೆ

ನಮ್ಮ ರಾಜ್ಯದ್ದೇ ಉದಾಹರಣೆ ಕೋಲಾರದ ಚಿನ್ನದ ಗಣಿ. 1880ರ ದಶಕದಿಂದ 2001ರವರೆಗೆ ನಡೆದ ಗಣಿ. ಚಾಂಪಿಯನ್ ರೀಫ್ ಸುರಂಗ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಕಲ್ಲು ತೆಗೆದು ಟೊಳ್ಳು ಮಾಡಿದರೆ ಉಳಿದ ಕಲ್ಲಿನ ಮೇಲೆ ಎಲ್ಲ ಭಾರ ಬೀಳುತ್ತದೆ. ಅದು ತಾಳದೆ ಸಿಡಿಯುತ್ತಿತ್ತು. ಇದಕ್ಕೆ ಶಿಲಾಸ್ಫೋಟ ಅನ್ನುತ್ತಾರೆ. ಹಳೇ ಜಾರು ಬಿರುಕು ಇದ್ದ ಕಡೆ ಸಿಡಿತ ಜೋರು. ಒಳಗೆ ಕಾರ್ಮಿಕರು ಸಾಯುತ್ತಿದ್ದರು, ಮೇಲೆ ಊರಿನ ಮನೆಗಳು ಅದುರುತ್ತಿದ್ದವು. ಅದನ್ನು ಅಳೆಯಲು ಅಲ್ಲಿ ಯಂತ್ರಗಳ ಜಾಲವನ್ನೇ ಹಾಕಬೇಕಾಯಿತು. ಗಣಿಯಲ್ಲಿ ದುಡಿದ ನಮ್ಮ ಕಡೆಯ ಒಬ್ಬ ಹಿರಿಯರು ನನಗೆ ಹೇಳಿದ್ದು: "ತಮ್ಮಾ, ಕಲ್ಲು ಮೊದಲು ಚಟಚಟ ಮಾತಾಡ್ತದ. ಅದರ ಮಾತು ಕೇಳಿದಾವ ಉಳೀತಾನ."

ನೀರು ತುಂಬಿ ನಡುಗಿಸಿದ್ದಕ್ಕೆ ಅಮೆರಿಕದ ಡೆನ್ವರ್ ಊರಿನ ಕಥೆ ಕೇಳಬೇಕು. ಸೇನೆಯ ಒಂದು ರಸಾಯನ ಕಾರ್ಖಾನೆ 1962ರಲ್ಲಿ ತನ್ನ ಕೊಳಕು ನೀರನ್ನು 3,600 ಮೀಟರಿಗೂ ಹೆಚ್ಚು ಆಳದ ಬೋರಿಗೆ ಪಂಪು ಮಾಡಲು ಶುರು ಮಾಡಿತು. ಕೆಲವೇ ವಾರದಲ್ಲಿ ಊರು ಅದುರಿತು. 1966ರಲ್ಲಿ ಪಂಪು ನಿಲ್ಲಿಸಿದರು. ಮುಗಿಯಿತು ಅಂದುಕೊಂಡರೆ, ಅತಿ ದೊಡ್ಡ ಕಂಪನಗಳು ಬಂದಿದ್ದು 1967ರಲ್ಲಿ. ಮಡಿಗೆ ನೀರು ಬಿಡುವುದು ನಿಲ್ಲಿಸಿದ ಮೇಲೂ ತುದಿಯ ಸಾಲಿಗೆ ನೀರು ಹರಿಯುತ್ತಿರುತ್ತದಲ್ಲ, ಹಂಗೆ ಆ ಒತ್ತಡ ಒಳಗೇ ಮುಂದೆ ಮುಂದೆ ಹೋಗಿತ್ತು.

ಅದೇ ದೇಶದ ರೇಂಜ್ಲಿ ಎಂಬ ಎಣ್ಣೆ ಬಾವಿಗಳ ಊರಿನಲ್ಲಿ 1969ರಿಂದ 1973ರವರೆಗೆ ಬೇಕೆಂದೇ ಪರೀಕ್ಷೆ ಮಾಡಿದರು. ಮೊದಲು ಅಲ್ಲಿನ ಕಲ್ಲಿನ ಒರಟುತನ ಅಳೆದು, ನೀರಿನ ಒತ್ತಡ ಇಷ್ಟು ದಾಟಿದರೆ ಬಿರುಕು ಜಾರುತ್ತದೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿದರು. ಚದರ ಸೆಂಟಿಮೀಟರಿಗೆ ಸುಮಾರು 260 ಕಿಲೋ ಬಂತು. ಆಮೇಲೆ ಒತ್ತಡ ಏರಿಸಿದರು, ಕಂಪನ ಬಂತು. ಇಳಿಸಿದರು, ನಿಂತಿತು. ನಲ್ಲಿ ತಿರುಗಿಸಿದ ಹಾಗೆ. ಅಡ್ಡಗಲ್ಲಿನ ಮಾತು ಬರೇ ಕಥೆಯಲ್ಲ, ಲೆಕ್ಕಕ್ಕೆ ಸಿಗುವ ಮಾತು ಅಂತ ಗಟ್ಟಿಯಾಗಿದ್ದು ಹೀಗೆ.

ನಮಗೆ ರೈತರಿಗೆ ಹತ್ತಿರದ್ದು ಸ್ಪೇನ್ ದೇಶದ ಲೋರ್ಕಾ ಊರು. ಅಲ್ಲಿನ ಬಯಲಲ್ಲಿ 1960ರಿಂದ ಬೇಸಾಯಕ್ಕೆಂದು ಬೋರಿನಿಂದ ನೀರು ಎತ್ತಿದರು. ಐವತ್ತು ವರ್ಷದಲ್ಲಿ ಅಂತರ್ಜಲ ಸುಮಾರು 250 ಮೀಟರ್ ಕೆಳಗೆ ಹೋಯಿತು. ಅಷ್ಟು ನೀರಿನ ಭಾರ ನೆಲದ ಮೇಲಿನಿಂದ ಇಳಿದಂತಾಯಿತು. 2011ರ ಮೇ 11ರಂದು ಪಕ್ಕದ ಹಳೇ ಬಿರುಕು ಜಾರಿ 5.1ರ ಭೂಕಂಪ ಆಯಿತು, ಒಂಬತ್ತು ಜನ ಸತ್ತರು. ನೀರು ಎತ್ತಿದ್ದೇ ಬಿರುಕನ್ನು ಜಾರುವ ಕಡೆಗೆ ನೂಕಿತು ಅಂತ ಮರುವರ್ಷ ವಿಜ್ಞಾನಿಗಳು ಲೆಕ್ಕ ಸಮೇತ ಪ್ರಕಟಿಸಿದರು. ಬಿರುಕು ಅಲ್ಲಿ ಮೊದಲೇ ಜೀವಂತ ಇತ್ತು ಅನ್ನುವುದನ್ನೂ ಮರೆಯಬಾರದು.

ಗಣಕಯಂತ್ರದಲ್ಲಿ ಬಿರುಕು

ಕಾಗದದ ಲೆಕ್ಕವನ್ನು ಈಗ ಗಣಕಯಂತ್ರದಲ್ಲಿ ಮಾಡುತ್ತಾರೆ. ಇದಕ್ಕೆ ಮಾದರಿ ಕಟ್ಟುವುದು ಅನ್ನುತ್ತಾರೆ. ನೆಲದ ಒಳಭಾಗವನ್ನು ಸಣ್ಣ ಸಣ್ಣ ಮಡಿಗಳಾಗಿ ಭಾಗ ಮಾಡಿಕೊಳ್ಳುತ್ತಾರೆ. ಪ್ರತಿ ಮಡಿಗೂ ಕಲ್ಲು ಎಷ್ಟು ಗಟ್ಟಿ, ಭಾರ ಎಷ್ಟು, ಬಿರುಕು ಎಷ್ಟು ಒರಟು, ನೀರಿನ ಒತ್ತಡ ಎಷ್ಟು ಅಂತ ಅಂಕಿ ಕೊಡುತ್ತಾರೆ. ಆಮೇಲೆ ಯಂತ್ರ ದಿನದಿಂದ ದಿನಕ್ಕೆ, ವರ್ಷದಿಂದ ವರ್ಷಕ್ಕೆ ಲೆಕ್ಕ ಮುಂದಕ್ಕೆ ಓಡಿಸುತ್ತದೆ. ಬಂದ ಉತ್ತರವನ್ನು ನಿಜವಾಗಿ ಆದ ಕಂಪನದ ಜೊತೆ ಹೊಂದಿಸಿ ನೋಡುತ್ತಾರೆ. ಹೊಂದದಿದ್ದರೆ ಅಂಕಿ ತಿದ್ದುತ್ತಾರೆ.

ಇದರಲ್ಲಿ ಹಾಲೆಂಡ್ ದೇಶದವರು ಬಹಳ ಕೆಲಸ ಮಾಡಿದ್ದಾರೆ. ಅವರ ಖ್ರೋನಿಂಗನ್ ಪ್ರಾಂತದಲ್ಲಿ 1963ರಿಂದ ಸುಮಾರು 3 ಕಿಲೋಮೀಟರ್ ಆಳದಿಂದ ಗ್ಯಾಸ್ ತೆಗೆದರು. ಅದು ಭೂಕಂಪದ ಹೆಸರೇ ಕೇಳದ ಸೀಮೆ. ಗ್ಯಾಸ್ ಖಾಲಿಯಾದಂತೆ ಪದರು ಕುಗ್ಗಿತು, ಹಳೇ ಬಿರುಕು ಜಾರಲು ಶುರುವಾದವು. 2012ರಲ್ಲಿ 3.6ರ ಕಂಪನ ಆಗಿ ಸಾವಿರಾರು ಮನೆ ಸೀಳಿದವು. ಜನ ಬಿಡಲಿಲ್ಲ. ಕೊನೆಗೆ 2024ರಲ್ಲಿ ಸರ್ಕಾರ ಆ ಗ್ಯಾಸಿನ ಬಾವಿಗಳನ್ನು ಕಾಯಂ ಮುಚ್ಚಲು ಕಾನೂನು ಮಾಡಿತು. ಮುಚ್ಚಿದ ಮೇಲೂ ಸಣ್ಣ ಕಂಪನ ಆಗುತ್ತಲೇ ಇವೆ.

ಕೋಟ್ಯಂತರ ವರ್ಷ ಅಲ್ಲಾಡದ ಬಿರುಕು ಯಾಕೆ ಹೀಗೆ ಒಮ್ಮೆಲೇ ಜಾರಿತು? ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2025ರಲ್ಲಿ ಮಾದರಿ ಕಟ್ಟಿ ಒಂದು ಉತ್ತರ ಕೊಟ್ಟಿದ್ದಾರೆ. ನನಗೆ ಅದು ಅರ್ಥವಾಗಿದ್ದು ಕುಂಟೆಯ ಬೋಲ್ಟಿನಿಂದ. ವರ್ಷಗಟ್ಟಲೆ ಬಿಚ್ಚದ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಪಾನಾ ಹಾಕಿ ಒತ್ತುತ್ತೇವೆ, ಅಲ್ಲಾಡುವುದಿಲ್ಲ. ಇನ್ನೂ ಒತ್ತುತ್ತೇವೆ. ಕೊನೆಗೆ ಒಮ್ಮೆ "ಕಟಕ್" ಅಂತ ಜೋರಾಗಿ ಬಿಡುತ್ತದೆ, ಕೈ ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ಆಮೇಲೆ ಅದೇ ಬೋಲ್ಟು ಸಲೀಸಾಗಿ ತಿರುಗುತ್ತದೆ. ಹಳೇ ಬಿರುಕೂ ಹಾಗೇ. ಕಾಲ ಕಳೆದಂತೆ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಆ ಗಟ್ಟಿತನವೇ ಮೊದಲ ಏಟನ್ನು ಜೋರು ಮಾಡುತ್ತದೆ. ಒಮ್ಮೆ ಜಾರಿದ ಮೇಲೆ ಆ ಬಿರುಕು ಮತ್ತೆ ಅಷ್ಟು ಕಚ್ಚಿಕೊಳ್ಳಲು ಕೋಟ್ಯಂತರ ವರ್ಷ ಬೇಕು. ಹಾಗಾಗಿ ಮೇಲ್ಪದರಿನ ಇಂಥ ಬಿರುಕು ಜಾರಿದ ಮೇಲೆ ಶಾಂತವಾಗುತ್ತಾ ಹೋಗುತ್ತದೆ ಅನ್ನುತ್ತಾರೆ. ಆದರೆ ಪಕ್ಕದಲ್ಲಿ ಇನ್ನೂ ಬಿಡದ ಬೋಲ್ಟುಗಳು ಇರಬಹುದು.

ಇದರಿಂದ ನಾವು ಕಲಿಯಬೇಕಾದ್ದು ಒಂದು: "ನಮ್ಮ ಕಡೆ ಎಂದೂ ಆಗಿಲ್ಲ" ಅನ್ನುವುದು ಧೈರ್ಯದ ಮಾತಲ್ಲ.

ನಮ್ಮ ಬೋರು, ನಮ್ಮ ಡ್ಯಾಂ

ಈಗ ಕಟ್ಟೆಯ ಹಿರಿಯರಿಗೆ ಉತ್ತರ. ಬೋರಿನ ತೂತಿನಿಂದ ಭೂಮಿ ನಡುಗುವುದಿಲ್ಲ. ಆರೇಳು ಇಂಚಿನ ತೂತು ಭೂಮಿಗೆ ಸೂಜಿ ಚುಚ್ಚಿದಷ್ಟೂ ಅಲ್ಲ. ಆದರೆ ಇಡೀ ಸೀಮೆಯವರು ಸೇರಿ ನೀರು ಬಸಿದು ಬಿರುಕು ಖಾಲಿ ಮಾಡಿದರೆ, ಆಮೇಲೆ ಒಂದು ವರ್ಷ ಭಾರೀ ಮಳೆ ಬಂದು ಆ ಬಿರುಕು ಒಮ್ಮೆಲೇ ತುಂಬಿದರೆ, ಒಳಗೆ ಒತ್ತಡ ಬದಲಾಗುತ್ತದೆ. 2021ರಲ್ಲಿ ಆದದ್ದು ಹತ್ತಿರ ಹತ್ತಿರ ಇದೇ. ಆ ವರ್ಷ ಮಳೆ ಜಾಸ್ತಿ. ಮಗಳ ಊರಿನ ಕಡೆ ಶಹಾಬಾದಿ ಸುಣ್ಣದ ಕಲ್ಲಿನ ಸಂದುಗಳಲ್ಲಿ ಮಳೆನೀರು ಇಳಿದು ಸದ್ದು, ನಡುಕ ಬಂದಿದೆ ಅಂತ ತಜ್ಞರು ಹೇಳಿದರು. ಅದೇ ವರ್ಷ ಡಿಸೆಂಬರಿನಲ್ಲಿ ಬೋರಿನಿಂದಲೇ ಬೇಸಾಯ ಮಾಡುವ ಚಿಕ್ಕಬಳ್ಳಾಪುರದಲ್ಲೂ 3ರ ಆಸುಪಾಸಿನ ಕಂಪನ ಆದವು. ಇಂಥವು ಬಹುಮಟ್ಟಿಗೆ ಸಣ್ಣವು. ಹೆದರಿಸುತ್ತವೆ, ಕೊಲ್ಲುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಇಳಿಯುತ್ತವೆ.

ಆಲಮಟ್ಟಿಯ ಬಗ್ಗೆಯೂ ಜನ ಕೇಳುತ್ತಾರೆ. ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಹೆಚ್ಚುವುದು ಐದು ಮೀಟರಿಗೂ ಕಡಿಮೆ. ಒತ್ತಡದ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋ. ಕೊಯ್ನಾದ ಹತ್ತು ಕಿಲೋಗೆ ಹೋಲಿಸಿ ನೋಡಿ. ಇಷ್ಟು ವರ್ಷದಲ್ಲಿ ಕೊಯ್ನಾದಂಥ ದೊಡ್ಡ ಕಂಪನ ಅಲ್ಲಿ ಆಗಿಲ್ಲ. ಹಾಗಾಗಿ ಭಯ ಬೇಡ. ಆದರೆ ಒಂದು ಮಾತು ನಾವು ಕೇಳಬೇಕು. ನೀರು ಏರಿಸುವ ಮೊದಲೇ, ಕೆಲವು ವರ್ಷ ಮುಂಚೆಯೇ, ಸುತ್ತ ಕಂಪನ ಅಳೆಯುವ ಯಂತ್ರ ಸಾಕಷ್ಟು ಇರಬೇಕು. ಮೊದಲು ಎಷ್ಟಿತ್ತು ಅಂತ ಗೊತ್ತಿದ್ದರೆ ತಾನೆ ಆಮೇಲೆ ಹೆಚ್ಚಾಯಿತೋ ಇಲ್ಲವೋ ತಿಳಿಯುವುದು? ಬಿತ್ತುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿದ ಹಾಗೆ.

ಕೊಲ್ಲುವುದು ಭೂಮಿಯಲ್ಲ, ಮಾಳಿಗೆ

1993ರ ಸೆಪ್ಟೆಂಬರ್ 30. ನನಗೆ ಆಗ ಇಪ್ಪತ್ತರ ಮೇಲೆ. ನಸುಕಿನ ನಾಲ್ಕರ ಹೊತ್ತಿಗೆ ಮಂಚ ಯಾರೋ ಅಲ್ಲಾಡಿಸಿದಂತಾಯಿತು. ತೊಲೆಯಿಂದ ಮಣ್ಣು ಉದುರಿತು. ಅಪ್ಪ "ಹೊರಗ ನಡೀರಿ" ಅಂತ ಕೂಗಿದ. ನಮಗೆ ಏನೂ ಆಗಲಿಲ್ಲ. ಸುಮಾರು 200 ಕಿಲೋಮೀಟರ್ ಉತ್ತರಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾಗಿತ್ತು. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಎಂಟರಿಂದ ಹತ್ತು ಸಾವಿರ ಜೀವ ಹೋದವು. ಆಗಿನ ನಕ್ಷೆಯಲ್ಲಿ ಅದು ಭೂಕಂಪದ ಅಪಾಯ ಅತಿ ಕಡಿಮೆ ಇರುವ ವಲಯ. ಹತ್ತಿರದ ತೇರ್ನಾ ನದಿಯ ಸಣ್ಣ ಡ್ಯಾಂ ಕಾರಣ ಇರಬಹುದೇ ಅಂತ ಕೆಲವರು ಕೇಳಿದರು, ಬಹಳ ಜನ ಒಪ್ಪಲಿಲ್ಲ. ಹಳೇ ಬಿರುಕು ತಾನೇ ಜಾರಿತು ಅನ್ನುವವರೇ ಹೆಚ್ಚು. ಎಲ್ಲದಕ್ಕೂ ಮನುಷ್ಯನೇ ಕಾರಣ ಅಲ್ಲ ಅನ್ನುವುದಕ್ಕೂ ಇದನ್ನು ಬರೆದೆ.

6.2ರ ಭೂಕಂಪಕ್ಕೆ ಅಷ್ಟು ಜನ ಯಾಕೆ ಸತ್ತರು? ಮನೆಗಳಿಂದ. ಕಾಡುಗಲ್ಲಿನ ದಪ್ಪ ಗೋಡೆ, ಮಣ್ಣಿನ ಕೆಸರಿನ ಕಟ್ಟಡ, ಮೇಲೆ ಎರಡೂವರೆ ಅಡಿವರೆಗೆ ಮಣ್ಣಿನ ಮಾಳಿಗೆ. ನಮ್ಮ ಮನೆಯೂ ಅಂಥದೇ. ನಮ್ಮ ಕಡೆ ನೂರಾರು ಮನೆ ಇವತ್ತಿಗೂ ಅಂಥವೇ.

ಮಗಳ ಫೋನು ಬಂದ ವಾರದಲ್ಲೇ ನಾನು ಮಾಳಿಗೆ ಅಗೆದು ನೋಡಿದೆ. ಸೋರಬಾರದು ಅಂತ ಅಜ್ಜನ ಕಾಲದಿಂದ ಮಳೆಗಾಲಕ್ಕೆ ಮೊದಲು ಸವಳು ಮಣ್ಣು ಹಾಕುತ್ತಾ ಹಾಕುತ್ತಾ ಒಂದೂವರೆ ಅಡಿ ದಪ್ಪ ಆಗಿತ್ತು. 12 ಅಡಿ ಉದ್ದ 10 ಅಡಿ ಅಗಲದ ಕೋಣೆ. ಲೆಕ್ಕ ಹಾಕಿದೆ, 180 ಘನ ಅಡಿ ಮಣ್ಣು, ಸುಮಾರು 80 ಕ್ವಿಂಟಲ್. ನಾವು ಮಲಗುವ ತಲೆಯ ಮೇಲೆ ಕ್ವಿಂಟಲ್ ತುಂಬುವ ಜೋಳದ ಚೀಲ ಎಂಬತ್ತು! ಅಂದೇ ಎದೆ ಝಲ್ ಎಂದಿತು.

ನಾನು ಮಾಡಿದ್ದು, ತಿಳಿದವರು ಹೇಳಿದ್ದು ಇಷ್ಟು:

1. ಮಾಳಿಗೆಯ ಮಣ್ಣು ಅರ್ಧ ಅಡಿಗೆ ಇಳಿಸಿ. ನಡುವೆ ದಪ್ಪ ತಾಡಪತ್ರಿ ಹಾಸಿದರೆ ಅಷ್ಟೇ ಮಣ್ಣಿಗೆ ಸೋರುವುದಿಲ್ಲ. ತೆಗೆಯುವಾಗ ಒಂದೇ ಬದಿ ಖಾಲಿ ಮಾಡಬೇಡಿ, ಎಲ್ಲ ಕಡೆ ಸಮನಾಗಿ ತೆಗೆಯಿರಿ. ತೊಲೆ, ಜಂತಿ ಗೆದ್ದಲು ತಿಂದಿವೆಯೋ ನೋಡಿ. ನನ್ನ ಭಾರ 80 ಕ್ವಿಂಟಲಿನಿಂದ 27ಕ್ಕೆ ಇಳಿಯಿತು. ತೆಗೆದ ಮಣ್ಣು ಬದುವಿಗೆ ಹೋಯಿತು.

2. ಕಲ್ಲಿನ ಗೋಡೆ ಹೊರಗೊಂದು ಮುಖ ಒಳಗೊಂದು ಮುಖ ಇದ್ದು ನಡುವೆ ಬರೇ ಚಕ್ಕೆ ತುಂಬಿರುತ್ತದೆ. ಅಲ್ಲಾಡಿದರೆ ಎರಡೂ ಮುಖ ಬೇರೆ ಬೇರೆ ಬೀಳುತ್ತವೆ. ಹೊಸ ಗೋಡೆ ಕಟ್ಟುವಾಗ ಎರಡು ಅಡಿ ಎತ್ತರಕ್ಕೊಂದು, ನಾಲ್ಕು ಅಡಿ ದೂರಕ್ಕೊಂದು, ಗೋಡೆಯ ಆರಪಾರು ಬರುವ ಉದ್ದ ಕಲ್ಲು ಇಡಿಸಿ. ಮೂಲೆಗಳಲ್ಲಿ ಉದ್ದ ಕಲ್ಲೇ ಬೇಕು.

3. ಬಾಗಿಲ ಮೇಲ್ಮಟ್ಟದಲ್ಲಿ ಇಡೀ ಮನೆ ಸುತ್ತ ಕಬ್ಬಿಣದ ಸರಳು ಹಾಕಿ ಸಿಮೆಂಟಿನ ಬೆಲ್ಟ್ ಹಾಕಿಸಿ. ಪೀಪಾಯಿಗೆ ಪಟ್ಟಿ ಇದ್ದಂತೆ ಅದು ಗೋಡೆಗಳನ್ನು ಹಿಡಿಯುತ್ತದೆ. ಬಾಗಿಲು, ಕಿಟಕಿ ಮೂಲೆಯಿಂದ ಎರಡು ಅಡಿಯಾದರೂ ದೂರ ಇರಲಿ.

4. ನಡುಕ, ಸದ್ದು ಬಂದರೆ ಬರೆದಿಡಿ. ತಾರೀಖು, ಗಂಟೆ, ಎಷ್ಟು ಹೊತ್ತು, ಆ ವಾರ ಮಳೆ ಎಷ್ಟು, ಬಾವಿಯ ನೀರು ಏರಿತೋ ಇಳಿಯಿತೋ. ತಹಶೀಲ್ದಾರರಿಗೆ ಕೊಡಿ. ನೂರು ಜನರ ಬಾಯಿಮಾತಿಗಿಂತ ಒಂದು ಹಾಳೆಯ ಬರಹ ಗಟ್ಟಿ. ಗಡಿಕೇಶ್ವಾರದ ಜನ ಬಿಡದೆ ಹೇಳಿದ್ದಕ್ಕೇ ಅಲ್ಲಿಗೆ ಯಂತ್ರ ಬಂತು.

5. ಬಾವಿ, ಬೋರಿನ ನೀರನ್ನು ತಳ ಕಾಣುವವರೆಗೆ ಬಸಿಯಬೇಡಿ. ಇದನ್ನು ಭೂಕಂಪಕ್ಕೆ ಹೆದರಿ ಮಾಡಬೇಕಿಲ್ಲ. ನಾಳೆಯ ಬೆಳೆಗಾದರೂ ಮಾಡಬೇಕು. ಬದು, ಕೃಷಿಹೊಂಡದಿಂದ ವರ್ಷ ವರ್ಷ ನೀರು ನಿಧಾನ ಇಂಗಿದರೆ ಎರಡಕ್ಕೂ ಒಳ್ಳೆಯದು.

ಬಂಡಿಯ ಭಾರ ನಮ್ಮ ಕೈಯಲ್ಲಿಲ್ಲ, ಏರಿನ ಇಳಿಜಾರೂ ನಮ್ಮ ಕೈಯಲ್ಲಿಲ್ಲ. ಅಡ್ಡಗಲ್ಲು ಮಾತ್ರ ಅಲ್ಪ ಸ್ವಲ್ಪ ನಮ್ಮ ಕೈಯಲ್ಲಿದೆ. ಬಂಡಿ ಉರುಳುವ ದಾರಿಯಲ್ಲಿ ಗುಡಿಸಲು ಹೇಗೆ ಕಟ್ಟಿದ್ದೇವೆ ಅನ್ನುವುದಂತೂ ಪೂರಾ ನಮ್ಮದೇ.

ಮರುವರ್ಷ ಬೇಸಿಗೆಯಲ್ಲಿ ಮಗಳ ಊರಿಗೆ ಹೋಗಿ ಅಳಿಯನ ಜೊತೆ ನಾಲ್ಕು ದಿನ ಅವರ ಮಾಳಿಗೆ ಮಣ್ಣನ್ನೂ ಇಳಿಸಿ ಬಂದೆ. ಬೀಗರು ಮೊದಲು ನಕ್ಕರು. ಆಮೇಲೆ ಒಂದು ಬುಟ್ಟಿ ಮಣ್ಣು ತಾವೇ ಎತ್ತಿ ನೋಡಿ ಸುಮ್ಮನಾದರು. ನೀವೂ ಈ ಬೇಸಿಗೆಗೆ ಒಮ್ಮೆ ಮಾಳಿಗೆ ಹತ್ತಿ ಒಂದು ಗೇಣು ಅಗೆದು ನೋಡಿ.